ಹೆಡ್ ಬಿಚ್ಚುವ ಮೊದಲು

ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಭೀಮಾ ದಂಡೆಯಲ್ಲಿ ಡೋಜರ್‌ಗಳ ಸುಗ್ಗಿ ಶುರುವಾಗುತ್ತದೆ. ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳ ಎರೆಹೊಲಗಳಲ್ಲಿ ಒಡ್ಡು ಹಾಕುವುದು, ತಗ್ಗು ತುಂಬುವುದು, ಹಿಂದಿನ ಮಳೆಗೆ ಬಿದ್ದ ಕೊರಕಲು ಮುಚ್ಚಿ ಹೊಲ ಸಮ ಮಾಡುವುದು ಎಲ್ಲವೂ ರೋಹಿಣಿ ಮಳೆ ಬೀಳುವುದರೊಳಗೆ ಮುಗಿಯಬೇಕು. ಬಿತ್ತಿದ ಹೊಲದಲ್ಲಿ ಚೈನ್ ಗಾಡಿ ಇಳಿಸಲು ಯಾವ ರೈತನೂ ಒಪ್ಪುವುದಿಲ್ಲ. ಹೀಗಾಗಿ ವರ್ಷದ ದುಡಿಮೆಯೆಲ್ಲ ಬಿಸಿಲು 42, 43 ಡಿಗ್ರಿಗೆ ಏರುವ ತಿಂಗಳುಗಳಿಗೇ ಬಂದು ಬೀಳುತ್ತದೆ. ಜೂನ್ ಬಂತೆಂದರೆ ಅದೇ ಗಾಡಿ ಬಯಲಲ್ಲಿ, ಬೇವಿನ ಮರದ ಬುಡದಲ್ಲೋ ಊರ ಹೊರಗಿನ ಹಾಳು ಜಾಗದಲ್ಲೋ ನಾಲ್ಕೈದು ತಿಂಗಳು ನೆನೆಯುತ್ತ ನಿಲ್ಲುತ್ತದೆ.

ಬಿಸಿಲಿನ ದುಡಿಮೆ, ಮಳೆಯ ನಿಲುಗಡೆ. ಈ ಎರಡರಿಂದಲೂ ಎಂಜಿನ್ ಆಯಿಲ್‌ಗೆ ನೀರು ಕೂಡಬಹುದು. ಗೇಜ್ ಕಡ್ಡಿ ಎಳೆದು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಕಪ್ಪಗಿರಬೇಕಾದ ಎಣ್ಣೆ ಕೆನೆಗಟ್ಟಿ ಕಂದಾಗಿರುತ್ತದೆ, ಅಳತೆ ಗೆರೆಗಿಂತ ಮೇಲೆ ನಿಂತಿರುತ್ತದೆ. ‘ಆಯಿಲ್ ಚಹಾ ಆಗ್ಯದ’ ಎನ್ನುತ್ತಾರೆ ಇಲ್ಲಿನ ಆಪರೇಟರ್‌ಗಳು. ಆ ಮಾತು ಬಿದ್ದ ಮರುಗಳಿಗೆಯಲ್ಲೇ ಇನ್ನೊಂದು ಮಾತು ಬರುತ್ತದೆ: ‘ಹೆಡ್ ಗ್ಯಾಸ್ಕೆಟ್ ಹೋಗ್ಯದ, ಹೆಡ್ ಬಿಚ್ಚಬೇಕು.’

ಈ ಎರಡನೇ ಮಾತನ್ನು ತಡೆಯಬೇಕೆಂದೇ ಈ ಲೇಖನ. ಸೀಜನ್ನಿನ ನಡುವೆ ಹೆಡ್ ಬಿಚ್ಚಿ, ಗ್ಯಾಸ್ಕೆಟ್ ಸೆಟ್ ತರಿಸಿ, ಕೂಲಿ ಕೊಟ್ಟು, ವಾರಗಟ್ಟಲೆ ಗಾಡಿ ನಿಲ್ಲಿಸಿ, ಮತ್ತೆ ಕೂಡಿಸಿ ಚಾಲೂ ಮಾಡಿದ ಮೂರನೇ ದಿನ ಆಯಿಲ್ ಮತ್ತೆ ಅದೇ ಬಣ್ಣಕ್ಕೆ ತಿರುಗಿದ ಕಥೆ ಈ ಭಾಗದ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುತ್ತದೆ. ತಪ್ಪು ಹೆಡ್ಡಿನಲ್ಲಿ ಇರಲೇ ಇಲ್ಲ. ಎಂಜಿನ್ನಿನ ಪಕ್ಕಕ್ಕೆ ಬೋಲ್ಟ್ ಹಾಕಿ ಕೂಡಿಸಿದ ಆಯಿಲ್ ಕೂಲರ್‌ನಲ್ಲಿತ್ತು. ಹಳೇ ಎಂಜಿನ್ನಿನ ಹೆಡ್ ಒಮ್ಮೆ ಬಿಚ್ಚಿದರೆ ಮೊದಲಿನಂತೆ ಕೂಡುವುದು ಕಷ್ಟ. ಬೋಲ್ಟ್ ತುಂಡಾಗುತ್ತವೆ, ಮರೆ ಸವೆಯುತ್ತವೆ, ಅಲ್ಲಿಯವರೆಗೆ ಸುಮ್ಮನಿದ್ದ ಲೈನರ್ ಅಲುಗಾಡಿ ಹೊಸ ಸೋರಿಕೆ ತೆಗೆಯುತ್ತದೆ. ಅದಕ್ಕೇ ಪಾನಾ ಹಿಡಿಯುವ ಮೊದಲು ನೀರಿನ ದಾರಿ ಹುಡುಕಬೇಕು. ಆ ಹುಡುಕಾಟಕ್ಕೆ ದೊಡ್ಡ ಉಪಕರಣ ಬೇಡ. ತಾಳ್ಮೆ ಬೇಕು, ಒಂದು ರಾತ್ರಿ ಬೇಕು, ಒಂದಿಷ್ಟು ಹಳೇ ಪೇಪರ್ ಬೇಕು.

ನಮ್ಮ ಕಡೆಯ ಹಳೇ ಡೋಜರ್‌ಗಳಲ್ಲಿ ಹೆಚ್ಚಿನವು ಕೋಲಾರ ಚಿನ್ನದ ಗಣಿಯ ಪಕ್ಕದಲ್ಲಿ ಹುಟ್ಟಿದವು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಅಂದರೆ ಬೆಮೆಲ್, ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನ ಪಡೆದು ಕೆಜಿಎಫ್ ಕಾರ್ಖಾನೆಯಲ್ಲಿ ಬುಲ್ಡೋಜರ್ ತಯಾರಿಸಿತು. ಅಣೆಕಟ್ಟು, ಕಾಲುವೆ, ಗಣಿ, ರಸ್ತೆ ಎಲ್ಲ ಕಡೆ ದುಡಿದ ಆ ಗಾಡಿಗಳು ಹರಾಜಿನಲ್ಲಿ ಖಾಸಗಿಯವರ ಕೈಗೆ ಬಂದು, ಕೈಯಿಂದ ಕೈಗೆ ದಾಟಿ, ಈಗ ಗಂಟೆ ಲೆಕ್ಕದಲ್ಲಿ ಹೊಲ ಸಮ ಮಾಡುತ್ತಿವೆ. ಹಲವಕ್ಕೆ ಪುಣೆಯ ಕಿರ್ಲೋಸ್ಕರ್ ಕಮ್ಮಿನ್ಸ್ ಎಂಜಿನ್ ಇದೆ. ಅಮೆರಿಕದ ಕಮ್ಮಿನ್ಸ್ ಜೊತೆ 1962ರಲ್ಲಿ ಶುರುವಾದ ಆ ಕಂಪನಿಯ ಹೆಸರಿನಲ್ಲಿರುವ ಕಿರ್ಲೋಸ್ಕರ್ ಮನೆತನದ ಉದ್ಯಮ ಮೊಳೆತದ್ದು ಬೆಳಗಾವಿಯಲ್ಲಿ, ಲಕ್ಷ್ಮಣರಾವ್ ಕಿರ್ಲೋಸ್ಕರರ ಸೈಕಲ್ ಅಂಗಡಿಯಲ್ಲಿ. ಜೆಸಿಬಿ, ಹಿಟಾಚಿಗಳು ಬಂದು ಅರ್ಧಕ್ಕರ್ಧ ಕೆಲಸ ಕಸಿದುಕೊಂಡಿದ್ದರೂ ಎಕರೆಗಟ್ಟಲೆ ಎರೆಮಣ್ಣನ್ನು ಒಂದೇ ಸಮಕ್ಕೆ ನೂಕುವ ಕೆಲಸಕ್ಕೆ ಅಗಲ ಬ್ಲೇಡಿನ ಡೋಜರ್ ಇವತ್ತಿಗೂ ಬೇಕು. ಇವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಉದಾಹರಣೆಗೆ ಕಮ್ಮಿನ್ಸ್‌ನ ಎನ್‌ಟಿ-855 ಎಂಜಿನ್ ತೆಗೆದುಕೊಳ್ಳಿ. ಆರು ಸಿಲಿಂಡರ್, ಒಟ್ಟು 14 ಲೀಟರ್. ಮೇಲೆ ಮೂರು ಹೆಡ್, ಒಂದೊಂದು ಹೆಡ್ ಎರಡೆರಡು ಸಿಲಿಂಡರ್‌ಗೆ. ಪಿಸ್ಟನ್ ಓಡಾಡುವ ಲೈನರ್ ಬ್ಲಾಕಿನಿಂದ ಬೇರೆಯಾದ ಕೊಳವೆ. ಅದರ ಹೊರಮೈಯನ್ನು ತಣಿಸುವ ನೀರು ನೇರವಾಗಿ ಮುಟ್ಟುತ್ತದೆ. ಲೈನರ್‌ನ ಮೇಲ್ತುದಿಯಲ್ಲಿ ನೀರನ್ನು ತಡೆಯುವುದು ಲೋಹದ ಬಿಗಿತ, ಕೆಳತುದಿಯಲ್ಲಿ ತಡೆಯುವುದು ರಬ್ಬರ್ ರಿಂಗ್‌ಗಳು. ಆ ರಿಂಗ್‌ಗಳ ಕೆಳಗೆ ನೇರ ಆಯಿಲ್ ಚೇಂಬರ್. ಅಂದರೆ ರೇಡಿಯೇಟರ್ ನೀರಿಗೂ ಚೇಂಬರ್ ಎಣ್ಣೆಗೂ ನಡುವೆ ಇರುವುದು ವರ್ಷಗಟ್ಟಲೆ ಬೆಂದ ರಬ್ಬರ್ ಮಾತ್ರ. ಇಷ್ಟು ಸಾಲದೆಂಬಂತೆ ಆಯಿಲ್ ಕೂಲರ್‌ನಲ್ಲಿ ತೆಳು ಲೋಹದ ಒಂದು ಬದಿಗೆ ಎಣ್ಣೆ, ಇನ್ನೊಂದು ಬದಿಗೆ ನೀರು. ಹೆಡ್ಡಿನೊಳಗೆ ಇಂಜೆಕ್ಟರ್ ಕೂರುವ ತಾಮ್ರದ ಸ್ಲೀವ್, ಅದರ ಸುತ್ತ ಮತ್ತೆ ನೀರು. ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್ ಬೆಲ್ಟಿನ ಬದಲು ಗೇರಿನಿಂದ ತಿರುಗುತ್ತದೆ. ಅದರ ಸೀಲು ಹೋಗಿ, ಕೆಳಗೆ ನೀರು ತೊಟ್ಟಿಕ್ಕಲೆಂದು ಬಿಟ್ಟ ಸಣ್ಣ ತೂತಿಗೆ ಎರೆಮಣ್ಣು ಮೆತ್ತಿಕೊಂಡರೆ ಆ ನೀರು ಗೇರ್ ಕೇಸಿನೊಳಗೆ ಇಳಿಯುತ್ತದೆ. ದಾರಿ ಇಷ್ಟೊಂದಿರುವಾಗ ನೋಡಿದೊಡನೆ ಹೆಡ್ ಗ್ಯಾಸ್ಕೆಟ್ ಎಂದು ಹೇಳುವುದು ಬರೀ ಊಹೆ.

ಮೊದಲ ಪ್ರಶ್ನೆ: ಅದು ಯಾರ ನೀರು? ರೇಡಿಯೇಟರ್‌ನದೋ, ಮಳೆಯದೋ?

ಹುಬ್ಬೇರಿಸಬೇಡಿ. ಡೋಜರ್‌ನ ಸೈಲೆನ್ಸರ್ ಪೈಪು ಆಕಾಶಕ್ಕೆ ಬಾಯಿ ತೆರೆದು ನಿಂತಿರುತ್ತದೆ. ಅದರ ತುದಿಯ ಮುಚ್ಚಳ ಮುರಿದು ಎಷ್ಟೋ ವರ್ಷವಾಗಿರುತ್ತದೆ. ಕಲಬುರಗಿ ಜಿಲ್ಲೆಗೆ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಆಗ ಗಾಡಿ ನಿಂತಲ್ಲೇ ನಿಂತಿರುತ್ತದೆ. ಪೈಪಿನಲ್ಲಿ ಇಳಿದ ನೀರು ತೆರೆದಿದ್ದ ವಾಲ್ವ್ ದಾಟಿ ಸಿಲಿಂಡರ್‌ಗೆ, ಅಲ್ಲಿಂದ ರಿಂಗಿನ ಸಂದಿನಲ್ಲಿ ಜಿನುಗಿ ಚೇಂಬರ್‌ಗೆ ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ತಗ್ಗಿನಲ್ಲಿ ನಿಂತ ಗಾಡಿಗೆ ಬ್ರೀದರ್ ಪೈಪಿನಿಂದ, ಗೇಜ್ ಕಡ್ಡಿಯ ತೂತಿನಿಂದ ಹೊಳೆಯ ನೀರೇ ಹೊಕ್ಕುತ್ತದೆ. ಆ ನೀರಿನಲ್ಲಿ ರಾಡಿ ಇರುತ್ತದೆ, ಬೆರಳಲ್ಲಿ ತಿಕ್ಕಿದರೆ ಮರಳಿನಂತೆ ಕರಕರ ಎನ್ನುತ್ತದೆ. ರೇಡಿಯೇಟರ್‌ನ ನೀರು ಒಂದು ಬೆರಳೂ ಇಳಿಯದೆ ಆಯಿಲ್ ಮಾತ್ರ ಏರಿದ್ದರೆ ಎಂಜಿನ್ನಿನೊಳಗೆ ಏನೂ ಒಡೆದಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಒಂದು ತಗಡಿನ ಡಬ್ಬಿ ಬೋರಲು ಹಾಕಿದ್ದರೆ ತಪ್ಪುತ್ತಿದ್ದ ತೊಂದರೆ ಅದು.

ಚಳಿಗಾಲದ ಬೆಳಗ್ಗೆ ಹತ್ತು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಗಾಡಿಗಳಲ್ಲಿ ಇನ್ನೊಂದು ಮೋಸವಿದೆ. ಆಯಿಲ್ ಹಾಕುವ ಮುಚ್ಚಳದ ಒಳಬದಿಗೆ ಹಳದಿ ಕೆನೆ ಅಂಟಿರುತ್ತದೆ, ಕೆಳಗಿನ ಎಣ್ಣೆ ಶುದ್ಧವಾಗಿರುತ್ತದೆ. ಅದು ಗಾಳಿಯ ತೇವ ಒಳಗೇ ತಣಿದು ಕೂತದ್ದು. ಗಾಡಿಗೆ ಅರ್ಧ ದಿನ ಸರಿಯಾದ ಕೆಲಸ ಕೊಟ್ಟರೆ ಆವಿಯಾಗಿ ಹೋಗುತ್ತದೆ.

ರೇಡಿಯೇಟರ್‌ನ ನೀರೇ ಇಳಿಯುತ್ತಿದೆ, ಹೊರಗೆಲ್ಲೂ ಸೋರುತ್ತಿಲ್ಲ ಎಂದು ಖಾತ್ರಿಯಾದರೆ ಮುಂದಿನ ಕೆಲಸ ರಾತ್ರಿಯದು. ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಗಿನವರೆಗೆ ಯಾರೂ ಮುಟ್ಟಬಾರದು. ಎಣ್ಣೆಗಿಂತ ನೀರು ಭಾರ, ಕೂಲೆಂಟ್ ಬೆರೆತ ನೀರು ಇನ್ನೂ ಭಾರ. ಕಲಕಿದ ಎರಡೂ ಪೂರ್ತಿ ಬೇರೆಯಾಗದಿದ್ದರೂ ಬಿಡಿ ನೀರು ಚೇಂಬರ್‌ನ ತಳಕ್ಕೆ ಇಳಿದಿರುತ್ತದೆ.

ಗಾಣಗಾಪುರದ ಆಚೆ, ಅಮರ್ಜಾ ಹೊಳೆ ಭೀಮೆಗೆ ಕೂಡುವ ಸಂಗಮದ ದಿಕ್ಕಿನ ಒಂದು ಹೊಲದಲ್ಲಿ ಈ ಕೆಲಸ ನಡೆದದ್ದನ್ನು ನಾನು ಹತ್ತಿರದಿಂದ ನೋಡಿದೆ. ಬೆಳಕು ಹರಿಯುವ ಹೊತ್ತು. ವಯಸ್ಸಾದ ಮಿಸ್ತ್ರಿ ಗೋಣಿಚೀಲ ಹಾಸಿಕೊಂಡು ಚೈನುಗಳ ನಡುವೆ ಅಂಗಾತ ಮಲಗಿ, ಹೊಟ್ಟೆಯ ಕೆಳಗಿನ ತಗಡು ಬಿಚ್ಚಿಸಿ, ಡ್ರೈನ್ ನಟ್ಟಿಗೆ ಪಾನಾ ಹಾಕಿದರು. ಆಪರೇಟರ್ ಹುಡುಗ ಅಗಲವಾದ ಬಕೆಟ್ ತಂದಿಟ್ಟ.

‘ಕಾಕಾ, ಪೂರಾ ಬಿಚ್ಚಿಬಿಡ್ಲಿ ಏನ್ರಿ?’

‘ಬ್ಯಾಡ ತಮ್ಮಾ. ಪೂರಾ ಬಿಚ್ಚಿದ್ರ ನೀರೂ ಎಣ್ಣೀನೂ ಕೂಡಿ ಬೀಳ್ತಾವ, ಏನೂ ತಿಳಿಯಂಗಿಲ್ಲ. ಎರಡು ಸುತ್ತು ಸಡ್ಲ ಮಾಡು, ಸಾಕು. ಬಕೆಟ್ ಅಲ್ಲೇ ಇಡು, ಬಾಟ್ಲಿ ಕೊಡು ನನಗ.’

ನಟ್ಟಿನ ಮರೆಯ ಸುತ್ತ ಮೊದಲು ಒಂದು ತೇವ ಮೂಡಿತು, ಆಮೇಲೆ ಹನಿ. ಮಿಸ್ತ್ರಿ ಬಿಳಿ ಬಾಟಲಿಯ ಬಾಯಿ ಅದಕ್ಕೆ ಹಿಡಿದರು. ಹನಿ ಎಳೆಯಾಗಿ, ಬಾಟಲಿಯಲ್ಲಿ ಬೆರಳೆತ್ತರ ತಿಳಿಹಸಿರು ನೀರು ನಿಂತಿತು. ಅದರ ಮೇಲೆ ಕಂದು ಕೆನೆ, ಅದರ ಮೇಲೆ ಕರಿ ಎಣ್ಣೆ ಬಂದು ಕೂತವು. ಮಿಸ್ತ್ರಿ ನಟ್ ಬಿಗಿದು ಹೊರಬಂದರು, ಬಾಟಲಿಯನ್ನು ಸೂರ್ಯನ ಕಡೆ ಎತ್ತಿ ಹಿಡಿದರು. ಹಸಿರು ಬಣ್ಣ ಕೂಲೆಂಟ್‌ನದು. ಮಳೆ ನೀರಿನ ಮಾತು ಅಲ್ಲಿಗೇ ಮುಗಿಯಿತು. ‘ಈಗ ರೇಡಿಯೇಟರ್ ಬಾಯಿ ತೆಗಿ’ ಎಂದರು ಹುಡುಗನಿಗೆ. ತಣ್ಣಗಿದ್ದ ರೇಡಿಯೇಟರ್‌ನೊಳಗೆ ಬೆರಳು ಅದ್ದಿ ತೆಗೆದರೆ ಬೆರಳಿನ ಸುತ್ತ ಕಪ್ಪು ಜಿಡ್ಡು. ‘ಇಲ್ಲೂ ಎಣ್ಣಿ ಅದ. ಹೆಡ್ಡಿಗೆ ಕೈ ಹಚ್ಚಬ್ಯಾಡ್ರಿ ಸಾವ್ಕಾರ್ರ. ಮೊದ್ಲ ಕೂಲರ್ ಇಳಸೂಣ’ ಎಂದು ಮಾಲೀಕರಿಗೆ ಹೇಳಿದರು.

ಒಂದು ಬೆರಳಿನ ಜಿಡ್ಡಿನಿಂದ ಅಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಈ ರೋಗಪತ್ತೆಯ ತಿರುಳೇ ಅದು. ಎಂಜಿನ್ ನಡೆಯುವಾಗ ಎಣ್ಣೆಯ ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 3ರಿಂದ 5 ಕೆ.ಜಿ. ಇರುತ್ತದೆ. ನೀರಿನ ಒತ್ತಡ ರೇಡಿಯೇಟರ್ ಮುಚ್ಚಳ ತಡೆದಷ್ಟು, ಹಳೇ ಗಾಡಿಗಳಲ್ಲಿ ಹೆಚ್ಚೆಂದರೆ ಅರ್ಧ ಕೆ.ಜಿ.ಯ ಆಸುಪಾಸು. ಕೂಲರ್‌ನ ತೆಳು ಲೋಹದಲ್ಲಿ ತೂತಾದರೆ, ಎಂಜಿನ್ ನಡೆಯುವಷ್ಟು ಹೊತ್ತೂ ಜೋರಿರುವ ಎಣ್ಣೆ ನೀರಿನ ಕಡೆ ನುಗ್ಗುತ್ತದೆ. ಎಂಜಿನ್ ಬಂದ್ ಆಯಿತೆಂದರೆ ಎಣ್ಣೆಯ ಒತ್ತಡ ಒಮ್ಮೆಗೇ ಇಳಿದು ಸೊನ್ನೆಯಾಗುತ್ತದೆ, ಆದರೆ ಕಾದ ನೀರಿನ ಒತ್ತಡ ತಣಿಯುವವರೆಗೂ ಇರುತ್ತದೆ; ತಣಿದ ಮೇಲೂ ಎತ್ತರದ ರೇಡಿಯೇಟರ್‌ನ ಭಾರ ಉಳಿದಿರುತ್ತದೆ. ಆಗ ಅದೇ ತೂತಿನಲ್ಲಿ ನೀರು ಎಣ್ಣೆಯ ಕಡೆ ಹೊರಳುತ್ತದೆ. ಹಗಲಲ್ಲಿ ರೇಡಿಯೇಟರ್‌ಗೆ ಎಣ್ಣೆ, ರಾತ್ರಿಯಲ್ಲಿ ಚೇಂಬರ್‌ಗೆ ನೀರು. ಎರಡೂ ಕಡೆ ಗುರುತು ಸಿಕ್ಕರೆ ಮೊದಲ ಅನುಮಾನ ಕೂಲರ್ ಮೇಲೆಯೇ.

ಲೈನರ್‌ನ ಕೆಳಗಿನ ರಬ್ಬರ್ ರಿಂಗ್ ಹೋಗಿದ್ದರೆ ಹೀಗಾಗುವುದಿಲ್ಲ. ಆ ಜಾಗದ ಇನ್ನೊಂದು ಬದಿಗೆ ಒತ್ತಡದ ಎಣ್ಣೆಯಿಲ್ಲ, ಎರಚಾಡುವ ಎಣ್ಣೆ ಮಾತ್ರ ಇದೆ. ಹೀಗಾಗಿ ನೀರು ಒಂದೇ ದಿಕ್ಕಿಗೆ ಇಳಿಯುತ್ತದೆ, ರೇಡಿಯೇಟರ್ ಶುದ್ಧವಾಗಿರುತ್ತದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ, ಹೆಡ್ ಸೀಳಿದ್ದರೆ, ತಾಮ್ರದ ಸ್ಲೀವ್ ಸಡಿಲವಾಗಿದ್ದರೆ ಮೂರನೆಯದೊಂದು ಸಾಕ್ಷಿ ಸೇರಿಕೊಳ್ಳುತ್ತದೆ: ಸಿಲಿಂಡರ್‌ನೊಳಗೆ ಸಿಡಿದ ಹೊಗೆ ನೀರಿಗೆ ನುಗ್ಗುತ್ತದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿದರೆ ರೇಡಿಯೇಟರ್‌ನಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತವೆ. ನೀರು ಕಾಯುವ ಮೊದಲೇ ಹೋಸ್ ಪೈಪು ಗಟ್ಟಿಯಾಗಿ ಉಬ್ಬುತ್ತದೆ. ಬೆಳಗಿನ ಹೊಗೆ ಬಿಳಿಯಾಗಿ ಬಂದು ಬೇಗ ತೆಳುವಾಗುವುದಿಲ್ಲ. ಗುಳ್ಳೆ ಎದ್ದಾಗ ಮಾತ್ರ ಹೆಡ್ಡಿನ ಕಡೆ ನೋಡಬೇಕು. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಾದರೆ ಇನ್ನೊಂದು ಎಚ್ಚರ. ಅದರ ಎಣ್ಣೆಯನ್ನೂ ಇದೇ ನೀರು ತಣಿಸುವುದರಿಂದ ಅದರ ಕೂಲರ್ ಹೋದರೂ ರೇಡಿಯೇಟರ್‌ಗೆ ಎಣ್ಣೆ ಬರುತ್ತದೆ. ಎಂಜಿನ್ ಎಣ್ಣೆ ಮಸಿಯಿಂದ ಕಪ್ಪಾಗಿರುತ್ತದೆ, ಟ್ರಾನ್ಸ್‌ಮಿಷನ್ ಎಣ್ಣೆಗೆ ಆ ಕಪ್ಪು ಇರುವುದಿಲ್ಲ. ಅದರ ಗೇಜನ್ನೂ ಒಮ್ಮೆ ಎಳೆದು ನೋಡಿದರೆ ಗೊಂದಲ ಕಳೆಯುತ್ತದೆ.

ಚೇಂಬರ್ ತಳದಲ್ಲಿ ನೀರು ಬೇರೆಯಾಗಿ ಸಿಗದೆ ಅನುಮಾನವಷ್ಟೇ ಇದ್ದರೆ ತಗಡಿನ ಪರೀಕ್ಷೆ ಇದೆ. ಒಂದು ತಗಡನ್ನು ನೀರು ಕುದಿಯುವುದಕ್ಕಿಂತ ಚೆನ್ನಾಗಿ ಹೆಚ್ಚು ಕಾಯಿಸಿ, ಅದರ ಮೇಲೆ ಎರಡು ಹನಿ ಎಣ್ಣೆ ಬಿಡಬೇಕು, ಮುಖ ದೂರ ಇಟ್ಟುಕೊಂಡು. ಶುದ್ಧ ಎಣ್ಣೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ. ನೀರಿದ್ದರೆ ಚಟಚಟ ಸಿಡಿಯುತ್ತದೆ. ಸಾವಿರಕ್ಕೆ ಒಂದು ಪಾಲಿನಷ್ಟು ನೀರಿದ್ದರೂ ಸದ್ದು ಕೇಳಿಸುತ್ತದೆ. ಆಯಿಲ್ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ನೋಡುವುದೂ ಒಳ್ಳೆಯ ರೂಢಿ. ನೀರು ಕುಡಿದ ಕಾಗದದ ಮಡಿಕೆಗಳು ಉಬ್ಬಿ ಸೊಟ್ಟಗಾಗಿರುತ್ತವೆ. ಕಾದ ಎಂಜಿನ್ನಿನಲ್ಲಿ ನೀರು ಆವಿಯಾಗಿ ಹೋಗಿ ಏನೂ ಕಾಣದಿರುವುದುಂಟು. ಆದರೆ ಕೂಲೆಂಟ್‌ನಲ್ಲಿದ್ದ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳು ಎಣ್ಣೆಯಲ್ಲೇ ಉಳಿಯುತ್ತವೆ. ದೊಡ್ಡ ಗಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಈ ಕಾರಣಕ್ಕೆ. ಸೋಡಿಯಂ ಜೊತೆಗೆ ಸೀಸ, ತಾಮ್ರದ ಅಂಕಿಯೂ ಏರಿದ್ದರೆ ಬೇರಿಂಗ್ ಆಗಲೇ ಕರಗತೊಡಗಿದೆ ಎಂದು ಅರ್ಥ. ಕೂಲೆಂಟ್‌ನ ಗ್ಲೈಕಾಲ್ ಬಿಸಿ ಎಣ್ಣೆಯಲ್ಲಿ ಹುಳಿಯಾಗಿ ಬೇರಿಂಗ್‌ನ ಮೆದು ಲೋಹವನ್ನು ತಿನ್ನುತ್ತದೆ. ಎಣ್ಣೆಯನ್ನು ಗಟ್ಟಿ ರಾಡಿಯಾಗಿಸಿ ಸಣ್ಣ ದಾರಿಗಳನ್ನು ಕಟ್ಟುತ್ತದೆ. ‘ಇವತ್ತೊಂದು ದಿನ ಹೊಡೆದು ನಾಳೆ ನೋಡೂಣ’ ಎನ್ನುವುದು ಎಷ್ಟು ದುಬಾರಿ ಮಾತು ಎಂದು ಇದರಿಂದ ತಿಳಿಯುತ್ತದೆ.

ಇನ್ನೂ ದುಬಾರಿಯಾದದ್ದು ಸೆಲ್ಫ್ ಹೊಡೆದು ನೋಡುವುದು. ಪಿಸ್ಟನ್ ಮೇಲೆ ನೀರು ನಿಂತಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸ್ಟಾರ್ಟರ್ ಜೋರು ಮಾಡಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅನುಮಾನವಿದ್ದ ಎಂಜಿನ್ನನ್ನು ಇಂಜೆಕ್ಟರ್‌ಗಳನ್ನು ತೆಗೆದು, ಕೈಯಿಂದ ಒಂದೆರಡು ಸುತ್ತು ತಿರುಗಿಸಿದ ಮೇಲೆಯೇ ಬ್ಯಾಟರಿ ಮುಟ್ಟಬೇಕು. ತೂತಿನಿಂದ ನೀರು ಚಿಮ್ಮಿದರೆ ಆ ಸಿಲಿಂಡರ್‌ನ ನಂಬರ್ ಸಿಕ್ಕಂತೆಯೇ ಆಯಿತು.

ಕೂಲರ್ ಇಳಿಸಿ ಪರೀಕ್ಷಿಸುವುದು ಸುಲಭ. ಒಂದು ಬದಿಯ ಬಾಯಿಗಳನ್ನು ಬಂದ್ ಮಾಡಿ, ಗಾಳಿ ಕೊಟ್ಟು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ತೂತಿದ್ದಲ್ಲಿ ಗುಳ್ಳೆ ಸಾಲಾಗಿ ಏಳುತ್ತವೆ. ಪಂಕ್ಚರ್ ಅಂಗಡಿಯ ಕೆಲಸವೇ. ತೊಟ್ಟಿಯ ನೀರು ಬಿಸಿಯಿದ್ದರೆ ಇನ್ನೂ ಒಳ್ಳೆಯದು, ತಣ್ಣಗಿರುವಾಗ ಮುಚ್ಚಿಕೊಳ್ಳುವ ಸೀಳು ಬಿಸಿಗೆ ಬಾಯಿ ಬಿಡುತ್ತದೆ. ಮೇಲೆ ಹೇಳಿದ ಹೊಲದಲ್ಲಿ ಮಾಲೀಕರ ಬೋರ್‌ವೆಲ್ ಪಕ್ಕದ ತೊಟ್ಟಿಯಲ್ಲೇ ಈ ಕೆಲಸವಾಯಿತು. ಗುಳ್ಳೆ ಬಂದದ್ದು ಒಂದು ಮೂಲೆಯಿಂದ, ಸೂಜಿಮೊನೆಯಷ್ಟು ಜಾಗದಿಂದ. ಹೆಡ್ಡಿನ ಒಂದು ಬೋಲ್ಟನ್ನೂ ಮುಟ್ಟದೆ ಆ ಡೋಜರ್ ಮತ್ತೆ ಕೆಲಸಕ್ಕೆ ಇಳಿಯಿತು.

ಕೂಲರ್ ನಿರ್ದೋಷಿ ಎಂದಾದರೆ ನೋಟ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಚೇಂಬರ್ ಇಳಿಸಿ, ಒಳಗಿನ ಎಣ್ಣೆಯೆಲ್ಲ ಒರೆಸಿ, ರೇಡಿಯೇಟರ್ ಬಾಯಿಗೆ ಕೈಪಂಪು ಜೋಡಿಸಿ ಮುಚ್ಚಳ ತಡೆಯುವಷ್ಟೇ ಒತ್ತಡ ಕೊಟ್ಟು ಬಿಡಬೇಕು. ಹೆಚ್ಚು ಕೊಟ್ಟರೆ ರೇಡಿಯೇಟರೇ ಹರಿಯುತ್ತದೆ. ಎಂಜಿನ್ನಿನ ಕೆಳಗೆ ಹಳೇ ನ್ಯೂಸ್ ಪೇಪರ್ ಹಾಸಿ, ಒಂದರಿಂದ ಆರರವರೆಗೆ ಸಿಲಿಂಡರ್ ನಂಬರ್ ಬರೆದಿಟ್ಟು ಕೆಲವು ತಾಸು ಕಾಯಬೇಕು. ಪೇಪರ್ ಮೇಲಿನ ಕಲೆ ಯಾವ ಸಿಲಿಂಡರ್ ಎಂದು ತೋರಿಸುತ್ತದೆ. ಆಮೇಲೆ ಟಾರ್ಚ್ ಹಿಡಿದು ಹನಿಯ ಹಿಂದೆ ಹೋಗಬೇಕು. ಹನಿ ಲೈನರ್‌ನ ಹೊರಗೋಡೆ ಹಿಡಿದು ಇಳಿಯುತ್ತಿದ್ದರೆ ರಬ್ಬರ್ ರಿಂಗ್. ಲೈನರ್‌ನ ಒಳಗಿನಿಂದ, ಪಿಸ್ಟನ್ನಿನ ಅಂಚಿನಿಂದ ಬರುತ್ತಿದ್ದರೆ ಮೇಲೆ ಹೆಡ್ಡೋ ಗ್ಯಾಸ್ಕೆಟ್ಟೋ, ಇಲ್ಲವೇ ಲೈನರ್‌ನ ಗೋಡೆಯಲ್ಲೇ ತೂತು. ಪುಶ್‌ರಾಡ್‌ಗಳ ಕಡೆಯಿಂದ ಇಳಿಯುತ್ತಿದ್ದರೆ ಹೆಡ್ಡಿನ ಮೇಲ್ಭಾಗದಲ್ಲಿ ಸೀಳು. ತಣ್ಣಗೆ ಒಮ್ಮೆ ನೋಡಿ ಏನೂ ಸಿಗದಿದ್ದರೆ ರೇಡಿಯೇಟರ್‌ಗೆ ಬಿಸಿನೀರು ತುಂಬಿ ಇನ್ನೊಮ್ಮೆ ನೋಡಬೇಕು. ಹೆಡ್ ಬಿಚ್ಚಲೇಬೇಕಾಗಿ ಬಂದರೂ ಈಗ ಮೂರರಲ್ಲಿ ಯಾವ ಹೆಡ್ ಎಂದು ಗೊತ್ತಿರುತ್ತದೆ.

ಲೈನರ್‌ನಂಥ ದಪ್ಪ ಕಬ್ಬಿಣಕ್ಕೆ ತೂತು ಬೀಳುವುದು ಹೇಗೆಂದು ಕೇಳುವವರಿದ್ದಾರೆ. ಹಳೇ ಲೈನರ್ ಎತ್ತಿ ಹೊರಮೈ ನೋಡಿ. ಒಂದು ಬದಿಯಲ್ಲಿ ಮೇಲಿನಿಂದ ಕೆಳಗೆ ಒಂದೇ ಪಟ್ಟಿಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ, ಕೆಲವು ಸೂಜಿ ಹೋಗುವಷ್ಟು ಆಳ. ಪ್ರತಿ ಸಿಡಿತಕ್ಕೆ ಪಿಸ್ಟನ್ ಲೈನರ್‌ನ ಒಂದು ಗೋಡೆಗೆ ಬಡಿಯುತ್ತದೆ, ಗೋಡೆ ನಡುಗುತ್ತದೆ. ಅದು ಹಿಂದಕ್ಕೆ ಸರಿದ ಕ್ಷಣದಲ್ಲಿ ನೀರಿನ ಒತ್ತಡ ಕುಸಿದು ಆವಿಯ ಗುಳ್ಳೆ ಹುಟ್ಟುತ್ತದೆ, ಗೋಡೆ ಮುಂದಕ್ಕೆ ಬಂದಾಗ ಆ ಗುಳ್ಳೆ ಒಡೆದು ಲೋಹದ ಕಣವನ್ನು ಕಿತ್ತೊಯ್ಯುತ್ತದೆ. ನಿಮಿಷಕ್ಕೆ ನೂರಾರು ಸಲ, ವರ್ಷಗಟ್ಟಲೆ. ಇದನ್ನು ತಡೆಯುವವು ಎರಡು. ಕೂಲೆಂಟ್‌ನಲ್ಲಿರುವ ನೈಟ್ರೈಟ್‌ನಂಥ ರಾಸಾಯನಿಕ ಲೋಹದ ಮೇಲೆ ತೆಳು ಪದರ ಕಟ್ಟುತ್ತದೆ. ರೇಡಿಯೇಟರ್ ಮುಚ್ಚಳ ಹಿಡಿದಿಟ್ಟ ಒತ್ತಡ ಗುಳ್ಳೆ ಏಳದಂತೆ ನೋಡಿಕೊಳ್ಳುತ್ತದೆ.

ನಮ್ಮ ಹೊಲಗಳಲ್ಲಿ ಈ ಎರಡೂ ಇರುವುದಿಲ್ಲ. ಮುಚ್ಚಳ ಕಳೆದುಹೋಗಿ ಅದರ ಜಾಗದಲ್ಲಿ ಚಿಂದಿ ತುರುಕಿದ ಡೋಜರ್‌ಗಳು ಬೇಕಾದಷ್ಟು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬಾಯ್ತೆರೆದ ಪಾತ್ರೆಯ ನೀರು 100 ಡಿಗ್ರಿ ತಲುಪುವ ಮೊದಲೇ ಕುದಿಯುತ್ತದೆ. ಅರ್ಧ ಕೆ.ಜಿ. ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಕುದಿಯುವ ಬಿಂದು 110 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ, ಹಿಂಗಾಳಿ ಬೀಸುವಾಗ, ಪೂರ್ತಿ ಬ್ಲೇಡ್ ಮಣ್ಣು ನೂಕುವ ಎಂಜಿನ್ನಿಗೆ ಆ ಹತ್ತು ಡಿಗ್ರಿಯೇ ಆಧಾರ. ಚಿಂದಿ ಅದನ್ನು ಕೊಡಲಾರದು.

ಇನ್ನು ನೀರಿನ ಗುಣ. ಜೇವರ್ಗಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು; ಶಹಾಬಾದಿ ಪರಸಿ ಬರುವುದೂ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದರಿಂದಲೇ. ಆಳಂದ, ಅಫಜಲಪುರದ ಕಡೆ ಕರಿಕಲ್ಲು, ಮೇಲೆ ಎರೆಮಣ್ಣು. ಎರಡೂ ಕಡೆಯ ಬೋರ್ ನೀರು ಗಡುಸು. ಮನೆಯ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 600. ದೊಡ್ಡ ಎಂಜಿನ್ ತಯಾರಕರು ಕೇಳುವುದು 170ರ ಆಸುಪಾಸಿಗಿಂತ ಕಡಿಮೆ ಇರುವ ನೀರನ್ನು. ಹೊಲದ ಬೋರಿನಿಂದ ಕೊಡ ತುಂಬಿ ದಿನಾ ಸುರಿದರೆ ಆ ಸುಣ್ಣವೆಲ್ಲ ಅತಿ ಬಿಸಿಯಾದ ಜಾಗದಲ್ಲೇ, ಲೈನರ್‌ನ ಮೇಲ್ಭಾಗದಲ್ಲೂ ಹೆಡ್ಡಿನ ವಾಲ್ವ್‌ಗಳ ನಡುವೆಯೂ ಗಟ್ಟಿಯಾಗುತ್ತದೆ. ಆ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಗೇಜಿನ ಮುಳ್ಳು ಹಸಿರಿನಲ್ಲೇ ಇರುತ್ತದೆ, ಒಳಗೆ ಹೆಡ್ ಬೆಂದು ಸೀಳುತ್ತದೆ, ರಬ್ಬರ್ ರಿಂಗ್ ಸುಟ್ಟು ಕಲ್ಲಾಗುತ್ತದೆ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯುವ ಪದ್ಧತಿಯೂ ನಮ್ಮಲ್ಲಿದೆ. ಅದು ಸೋರುವ ತೂತನ್ನು ಕಟ್ಟುವಷ್ಟೇ ಚೆನ್ನಾಗಿ ರೇಡಿಯೇಟರ್‌ನ, ಕೂಲರ್‌ನ ಸಣ್ಣ ದಾರಿಗಳನ್ನೂ ಕಟ್ಟುತ್ತದೆ. ದಯವಿಟ್ಟು ಹಾಕಬೇಡಿ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ತನ್ನಿ, ಅದಕ್ಕೆ ಕೂಲೆಂಟ್ ಬೆರೆಸಿ. ಒಂದು ಕ್ಯಾನ್ ಕೂಲೆಂಟ್‌ನ ಬೆಲೆಯನ್ನು ಒಂದು ಹೆಡ್ಡಿನ ಬೆಲೆಯ ಪಕ್ಕ ಇಟ್ಟು ನೋಡಿ.

ತೂತು ಸಿಕ್ಕಿ, ಕೂಲರ್ ಅಥವಾ ರಿಂಗ್ ಬದಲಾಯಿಸಿದ ಮೇಲೂ ಕೆಲಸ ಅರ್ಧವೇ. ಲೈನರ್ ಹೊಸದಾಗಿ ಕೂರಿಸಿದರೆ ಅದು ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೆದ್ದಿದೆ ಎಂದು ಡಯಲ್ ಗೇಜಿನಲ್ಲಿ ಅಳೆಯಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಲೆಕ್ಕ ಅದು, ಬೆರಳು ಸವರಿ ತಿಳಿಯುವಂಥದ್ದಲ್ಲ. ಆರೂ ಲೈನರ್ ಒಂದೇ ಮಟ್ಟಕ್ಕೆ ಬರದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ವರ್ಷ ಕಳೆಯುವುದಿಲ್ಲ. ಚೇಂಬರ್ ಇಳಿಸಿದ್ದರೆ ಮೇನ್ ಮತ್ತು ರಾಡ್ ಬೇರಿಂಗ್‌ಗಳನ್ನು ಬಿಚ್ಚಿ ನೋಡದೆ ಮುಚ್ಚಬಾರದು. ಎಣ್ಣೆ ಹೊಕ್ಕ ರೇಡಿಯೇಟರನ್ನು ಜಿಡ್ಡು ಬಿಡಿಸುವ ಪುಡಿಯಿಂದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಎಣ್ಣೆ ಕುಡಿದು ಮೆತ್ತಗಾದ ಹೋಸ್‌ಗಳನ್ನು ಎಸೆಯಬೇಕು. ಹೊಸ ಆಯಿಲ್ ಹಾಕಿ, ಭಾರ ಕೊಡದೆ ಅರ್ಧ ತಾಸು ನಡೆಸಿ, ಅದನ್ನೂ ಫಿಲ್ಟರನ್ನೂ ಮತ್ತೆ ಬದಲಾಯಿಸಬೇಕು. ಅಷ್ಟು ಎಣ್ಣೆ ಚೆಲ್ಲಲು ಹೊಟ್ಟೆ ಉರಿಯುತ್ತದೆ ನಿಜ. ಒಳಗೆ ಮೂಲೆಮೂಲೆಯಲ್ಲಿ ಕೂತ ಗ್ಲೈಕಾಲ್ ಹೊರಬರಲು ಬೇರೆ ದಾರಿಯಿಲ್ಲ.

ಆ ಕೆಟ್ಟ ಎಣ್ಣೆಯ ಬಗ್ಗೆಯೂ ಹೇಳಲೇಬೇಕು. ಒಂದು ಡೋಜರ್‌ನಿಂದ ಇಳಿಯುವುದು ಹತ್ತಾರು ಲೀಟರ್. ಎಷ್ಟೋ ಕಡೆ ಅದನ್ನು ಹಳ್ಳಕ್ಕೆ ಸುರಿದು ಕೈ ತೊಳೆಯುತ್ತಾರೆ. ಇಲ್ಲಿನ ಹಳ್ಳಗಳು ಸೇರುವುದು ಅಮರ್ಜೆಗೆ, ಅಮರ್ಜೆ ಸೇರುವುದು ಸಂಗಮಕ್ಕೆ, ದತ್ತನ ಭಕ್ತರು ಮಹಾರಾಷ್ಟ್ರದಿಂದ, ತೆಲಂಗಾಣದಿಂದ ಬಂದು ಮುಳುಗೇಳುವ ನೀರಿಗೆ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿಟ್ಟು, ಪರವಾನಗಿಯಿರುವ ಖರೀದಿದಾರರಿಗೇ ಕೊಡಬೇಕು.

ಗಾಡಿ ಕೆಲಸಕ್ಕೆ ಇಳಿದ ಮೇಲೆ ಮೊದಲ ವಾರ ಪ್ರತಿ ಬೆಳಗ್ಗೆ ಚಾಲೂ ಮಾಡುವ ಮೊದಲು ಎರಡು ಅಳತೆ ತೆಗೆದು ಲಾಗ್ ಪುಸ್ತಕದಲ್ಲಿ ಬರೆಯಿರಿ: ಗೇಜ್ ಕಡ್ಡಿಯ ಮೇಲಿನ ಎಣ್ಣೆ, ರೇಡಿಯೇಟರ್ ಬಾಯಿಯಿಂದ ನೀರು ಎಷ್ಟು ಕೆಳಗಿದೆ ಎಂಬುದು. ಒಂದು ಏರುತ್ತ ಇನ್ನೊಂದು ಇಳಿಯುತ್ತ ಹೋದರೆ ಬಣ್ಣ ಬದಲಾಗುವ ಮೊದಲೇ ಗೊತ್ತಾಗುತ್ತದೆ. ಮಿರಗ ಮಳೆಗೆ ಗಾಡಿ ನಿಲ್ಲಿಸುವಾಗ ಸೈಲೆನ್ಸರ್ ಪೈಪಿಗೆ ಡಬ್ಬಿ ಬೋರಲು ಹಾಕಿ, ಅದು ಹಾರದಂತೆ ತಂತಿ ಕಟ್ಟಿ, ಸೀಟಿಗೆ ಒಂದು ಚೀಟಿ ಅಂಟಿಸಿ: ಡ್ರೈನ್ ನಟ್ ಸಡಿಲಿಸಿ ನೋಡದೆ ಸೆಲ್ಫ್ ಹೊಡೆಯಬಾರದು. ಮುಂದಿನ ಸೀಜನ್ನಿಗೆ ಬರುವ ಆಪರೇಟರ್ ಬೇರೆಯವನೇ ಆಗಿರಬಹುದು.